ಲಾಟಿಗೊಂದು ಬಾಕ್ಸ್

ಹದಿನೆಂಟು ವರ್ಷದಿಂದ ನಾನು ಕಂಪ್ಯೂಟರ್ ಕಲಿಸುತ್ತಿದ್ದೇನೆ. ಮೊದಮೊದಲು ಹಾಗೆ ಹೇಳಿಕೊಳ್ಳಲು ಹೆಮ್ಮೆಯಿತ್ತು. ಈಗ ಯಾರಾದರೂ ಕೇಳಿದರೆ, ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ಕ್ಲಾಸಿದೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಹಿಟ್ಟಿನ ಗಿರಣಿಯ ಮೇಲೆ ಎರಡು ಕೋಣೆ, ಒಂಬತ್ತು ಕಂಪ್ಯೂಟರ್. ಅದರಲ್ಲಿ ಎರಡು ಯಾವಾಗಲೂ ಕೆಟ್ಟಿರುತ್ತವೆ, ಯಾವ ಎರಡು ಅನ್ನುವುದು ಮಾತ್ರ ಬದಲಾಗುತ್ತಿರುತ್ತದೆ. ಕೆಳಗೆ ಜೋಳ ಬೀಸಿದ ಹಿಟ್ಟು ಮೇಲೇರಿ ಬಂದು ಕೀಬೋರ್ಡಿನ ಸಂದುಗಳಲ್ಲಿ ಕೂರುತ್ತದೆ. ದಿನಾ ಬೆಳಿಗ್ಗೆ ಹಳೆಯ ಸೀರೆಯ ತುಂಡಿನಿಂದ ಅದನ್ನು ಒರೆಸುವಾಗ, ಇವತ್ತು ಯಾರೂ ಬರದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕಲಿಸುವವಳು ಹೀಗೆ ಬರೆಯಬಾರದು. ಆದರೆ ದಣಿವು ಅನ್ನುವುದು ಕೆಲಸ ನೋಡಿ ಬರುವುದಿಲ್ಲ.

ನನ್ನ ಹೊಟ್ಟೆಪಾಡು ನಡೆಯುವುದು ಕ್ಲಾಸಿನಿಂದಲ್ಲ, ಹೊರಗಿನ ತರಬೇತಿಗಳಿಂದ. ಅವುಗಳ ಕ್ರಮ ನನಗೆ ಬಾಯಿಪಾಠ. ಹಾಜರಿ, ದೀಪ ಹಚ್ಚುವುದು, ಹೂವಿನ ಹಾರ, ಭಾಷಣ, ಚುರಮುರಿ, ಚಹಾ, ಊಟ, ಕೊನೆಗೆ ಎಲ್ಲರೂ ನಿಂತು ಫೋಟೊ. ಇವುಗಳ ನಡುವೆ ಎಲ್ಲಾದರೂ ಹೊತ್ತು ಉಳಿದರೆ ಕಂಪ್ಯೂಟರ್. ಬಬಲೇಶ್ವರದಲ್ಲಿ ಒಮ್ಮೆ ಒಂದು ಸಂಘದವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಬಂದವರು ನಲವತ್ತು ಜನ, ಕಂಪ್ಯೂಟರ್ ಆರು. ಬಲ್ಲವರಿಗೂ ಬಾರದವರಿಗೂ ನಡುವೆ ಇರುವ ಡಿಜಿಟಲ್ ಅಂತರವನ್ನು ಮುಚ್ಚಲೇಬೇಕು ಎಂದು ಅತಿಥಿಗಳು ಒಂದೂವರೆ ತಾಸು ಮಾತಾಡಿದರು. ಅವರು ಮುಗಿಸುವ ಹೊತ್ತಿಗೆ ಕರೆಂಟು ಹೋಗಿತ್ತು. ನಾನು ಹಲಗೆಯ ಮೇಲೆ ಕೀಬೋರ್ಡಿನ ಚಿತ್ರ ಬರೆದು, ಒಬ್ಬೊಬ್ಬರನ್ನೇ ಕರೆದು ಸೀಮೆಸುಣ್ಣದ ಗುಂಡಿಗಳನ್ನು ಒತ್ತಿಸಿದೆ. ಸಂಜೆ ನಲವತ್ತೂ ಜನಕ್ಕೆ ಪ್ರಮಾಣಪತ್ರ ಸಿಕ್ಕಿತು. ಸಹಿ ನನ್ನದೇ.

ಕರೆಂಟು ಇದ್ದ ದಿನಗಳಲ್ಲೂ ನಾನು ಕಲಿಸಿದ್ದು ಅಷ್ಟರಲ್ಲೇ ಇತ್ತು. ನನಗೊಂದು ಚಟವಿತ್ತು. ಕಲಿಯುವವರ ಬೆನ್ನ ಹಿಂದೆ ನಿಂತಿರುತ್ತೇನೆ. ಅವರು ಮೌಸ್ ಹಿಡಿದು ಬಾಣದ ಗುರುತನ್ನು ಅತ್ತ ಇತ್ತ ಓಡಿಸುತ್ತಾರೆ, ಒತ್ತಬೇಕಾದ್ದನ್ನು ಬಿಟ್ಟು ಅದರ ಪಕ್ಕದ್ದನ್ನು ಒತ್ತುತ್ತಾರೆ. ಎರಡು ನಿಮಿಷ ಸಹಿಸುತ್ತೇನೆ. ಮೂರನೆಯ ನಿಮಿಷಕ್ಕೆ "ಕೊಡ್ರಿ ಇಲ್ಲಿ" ಅಂದು ಮೌಸ್ ಕೈಗೆ ತೆಗೆದುಕೊಂಡು ಟಕಟಕ ಮಾಡಿ ಮುಗಿಸುತ್ತೇನೆ. "ಹಿಂಗ ಮಾಡೂದು, ತಿಳೀತಲ್ಲ?" ಅಂತ ಕೇಳುತ್ತೇನೆ. ತಿಳೀಲಿಲ್ಲ ಅಂದವರು ಈ ಹದಿನೆಂಟು ವರ್ಷದಲ್ಲಿ ಒಬ್ಬರೂ ಇಲ್ಲ. ನಮ್ಮ ಕಡೆಯವರ ಮರ್ಯಾದೆಯೇ ಹಾಗೆ. ಎಷ್ಟೋ ಜನ ನಾನು ಕೇಳುವ ಮೊದಲೇ "ನೀವ ಒಮ್ಮೆ ಮಾಡಿ ತೋರಿಸಿಬಿಡ್ರಿ ಮೇಡಂ" ಅಂತ ಕುರ್ಚಿಯಿಂದಲೇ ಎದ್ದುಬಿಡುತ್ತಾರೆ. ಬಾರದವರದ್ದನ್ನು ಬಲ್ಲವರು ಮಾಡಿಕೊಡುವುದು ಇಲ್ಲಿ ಒಳ್ಳೆಯತನ. ಬ್ಯಾಂಕಿನಲ್ಲಿ ಅಪರಿಚಿತರ ಚೀಟಿ ತುಂಬಿಕೊಡುತ್ತೇವೆ, ಬಸ್ಸಿನ ಬೋರ್ಡು ಓದಿ ಹೇಳುತ್ತೇವೆ. ನಾನೂ ಒಳ್ಳೆಯವಳು ಅಂತಲೇ ತಿಳಿದುಕೊಂಡಿದ್ದೆ.

ತಿಕೋಟಾದ ಕೆಲಸ ಬಂದದ್ದು ಹೋದ ವರ್ಷ ಯುಗಾದಿ ಕಳೆದ ಮೇಲೆ. ಅಲ್ಲಿಯ ಸುತ್ತೆಲ್ಲ ದ್ರಾಕ್ಷಿ. ಶೆಡ್ಡಿನಲ್ಲಿ ಒಣಗಿಸಿದ ದ್ರಾಕ್ಷಿಯನ್ನು, ಅಂದರೆ ಮಣೂಕವನ್ನು, ಬಾಕ್ಸುಗಳಲ್ಲಿ ತುಂಬಿ ರೈತರು ಕೋಲ್ಡ್ ಸ್ಟೋರೇಜಿನಲ್ಲಿ ತಂದಿಡುತ್ತಾರೆ. ಒಬ್ಬ ರೈತ ತಂದಿಟ್ಟ ಮಾಲಿಗೆ ಒಂದು ಲಾಟ್ ಅನ್ನುತ್ತಾರೆ. ಒಳ್ಳೆಯ ದರ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಹೊರಗೆ ತೆಗೆಯುತ್ತಾರೆ, ದೀಪಾವಳಿಯ ಹೊತ್ತಿಗೆ ಮುಕ್ಕಾಲು ಪಾಲು ಲಾಟ್‌ಗಳು ಮುಗಿದಿರುತ್ತವೆ. ನನ್ನನ್ನು ಕರೆಸಿದ ಸ್ಟೋರೇಜನ್ನು ಕಟ್ಟಿಸಿದ ಸಾವ್ಕಾರ್ರು ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಈಗ ನೋಡಿಕೊಳ್ಳುತ್ತಿದ್ದವರು ಅವರ ಸೊಸೆ. ವಿಜಯಪುರದಲ್ಲೇ ಬಿ.ಕಾಂ. ಓದಿದವರು, ಮನೆಯೂ ವಿಜಯಪುರದಲ್ಲಿ. ವಾರಕ್ಕೆರಡು ಸಲ ತಿಕೋಟಾಕ್ಕೆ ಬಂದು ಹೋಗುತ್ತಿದ್ದರು. ಊರಲ್ಲಿ ಕೂತೇ ಫೋನಿನಲ್ಲಿ ಎಲ್ಲ ಕಾಣಬೇಕು, ಇನ್ನು ರಿಜಿಸ್ಟರ್ ಬೇಡ ಅನ್ನುವುದು ಅವರ ತೀರ್ಮಾನ, ಅದಕ್ಕೆಂದು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಸಿದ್ದರು.

ರಿಜಿಸ್ಟರ್ ಬರೆಯುತ್ತಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತೇಳು ವರ್ಷ, ಮಂಡಿನೋವು, ಅಚ್ಚು ಹೊಡೆದಂಥ ಅಕ್ಷರ. ಇಪ್ಪತ್ತಾರು ವರ್ಷದಿಂದ ಯಾವ ಚೇಂಬರಿನ ಯಾವ ಮೂಲೆಯಲ್ಲಿ ಯಾರ ಬಾಕ್ಸುಗಳಿವೆ ಎಂದು ಬರೆದಿಟ್ಟವರು ಅವರೇ.

"ಹತ್ತು ದಿನಾ ಕಲಿಸ್ರಿ ಮೇಡಂ. ಕಲತ್ರ ಕಾಕಾ ಇರ್ತಾರ, ಇಲ್ಲಾಂದ್ರ ಕಂಪ್ಯೂಟರ್ ಬರೂ ಹುಡುಗೂರನ್ನ ತಗೋಬೇಕಾಗ್ತದ. ಮಾವಾರ ಕಾಲದ ಮನಷ್ಯಾ, ಬಿಡಾಕ ನನಗೂ ಮನಸ್ಸಿಲ್ಲ" ಎಂದು ಸೊಸೆಯವರು ಕಾಕಾರ ಎದುರಿಗೇ ಹೇಳಿದರು. ಕಾಕಾ ತಲೆಯಾಡಿಸಿದರು. ಸೊಸೆಯವರು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮಗಳು ತೊರವಿ ಹತ್ರ ನರ್ಸಿಂಗ್ ಓದಾಕತ್ತಾಳ್ರಿ. ಇನ್ನೊಂದೂವರಿ ವರ್ಷ. ಈ ಮಂಡಿ ಇಟ್ಕೊಂಡು ನಾ ಬಾಕ್ಸ್ ಹೊರಾಕಂತೂ ಆಗೂದಿಲ್ಲ" ಅಂದರು. ಬೇಡಿಕೊಂಡಂತೆ ಇರಲಿಲ್ಲ. ನನಗೆ ಗೊತ್ತಿರಲಿ ಎಂದು ಹೇಳಿದಂತಿತ್ತು.

ದಿನಕ್ಕೆ ಎರಡು ತಾಸು. ಕಾಕಾ ಕೈ ತೊಳೆದು, ಧೋತರದ ಅಂಚಿಗೆ ಒರೆಸಿ, ಕೀಬೋರ್ಡಿಗೆ ನಮಸ್ಕಾರ ಮಾಡಿ ಶುರು ಮಾಡುತ್ತಿದ್ದರು. ಬಾಣದ ಗುರುತು ಪರದೆಯ ಅಂಚಿಗೆ ಹೋಗಿ ನಿಂತರೆ ಮೌಸನ್ನೇ ಎತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದರು. ಆರನೆಯ ದಿನಕ್ಕೆ ಹೆಸರು, ಊರು, ಬಾಕ್ಸಿನ ಸಂಖ್ಯೆ ತುಂಬಲು ಬಂತು. ನಿಧಾನ, ಆದರೆ ತಪ್ಪಿಲ್ಲ. ಎಂಟನೆಯ ದಿನ ಲಾಟ್ ಮುಚ್ಚುವ ಪಾಠ. ರೈತ ಎಲ್ಲ ಬಾಕ್ಸುಗಳನ್ನೂ ಒಯ್ದಾಗ, ಹೊರಗೆ ಹೋದದ್ದೆಷ್ಟು ಎಂದು ತುಂಬಬೇಕು. ಉಳಿದದ್ದು ಸೊನ್ನೆ ಆಗುತ್ತದೆ, ಆಗ ಒಂದು ಗುಂಡಿ ಒತ್ತಿದರೆ ಆ ಹೆಸರು ಪಟ್ಟಿಯಿಂದ ಮಾಯ. ನಲವತ್ತು ಬಾಕ್ಸಿನ ಒಂದು ಲಾಟ್ ಕೊಟ್ಟು ಮುಚ್ಚಿ ಅಂದೆ. ಅವರು ಹೊರಗೆ ಹೋದದ್ದು ಮೂವತ್ತೊಂಬತ್ತು ಎಂದು ಬರೆದು, ಕೈ ಹಾಗೇ ಹಿಡಿದು ಕೂತರು. ನಾನು ಗಡಿಯಾರ ನೋಡಿದೆ. ಬಸ್ಸಿಗೆ ಕಾಲು ತಾಸು ಉಳಿದಿತ್ತು.

"ಕೊಡ್ರಿ ಕಾಕಾ ಇಲ್ಲಿ."

ಕೂಡಿಸಿ ಕಳೆಯುವಾಗ ತಪ್ಪಿದ್ದಾರೆ ಅಂದುಕೊಂಡು, ಮೂವತ್ತೊಂಬತ್ತನ್ನು ಅಳಿಸಿ ನಲವತ್ತು ಮಾಡಿ ಗುಂಡಿ ಒತ್ತಿದೆ. ಹೆಸರು ಹೋಯಿತು. "ಆತಲ್ಲ?" ಅಂದೆ. "ಆತ್ರಿ" ಅಂದರು. ಹತ್ತನೆಯ ದಿನ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ, ಸೊಸೆಯವರು ಫೋಟೊ ತೆಗೆದರು, ಕಾಕಾ ಎಲ್ಲರಿಗೂ ಪೇಢೆ ಹಂಚಿದರು.

ದೀಪಾವಳಿ ಮುಗಿದ ವಾರ ಸೊಸೆಯವರ ಫೋನು ಬಂತು. ಕಂಪ್ಯೂಟರಿನಲ್ಲೇ ಏನಾದರೂ ಕೆಟ್ಟಿದೆಯೋ ನೋಡಬೇಕು, ಬನ್ನಿ ಅಂದರು. ದನಿ ಸರಿಯಿರಲಿಲ್ಲ. ಹೋದೆ. ಕಾಕಾ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಯಾವಾಗಲೂ ಸೊಂಟದಲ್ಲಿ ಇರುತ್ತಿದ್ದ ಚೇಂಬರಿನ ಚಾವಿಗೊಂಚಲು ಇರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತರು.

ಒಳಗೆ ಸೊಸೆಯವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ತೊಳಿಯಾಕಂತ ಒಂದು ಚೇಂಬರ್ ಪೂರಾ ಖಾಲಿ ಮಾಡಿಸಿದ್ವಿ. ಒಳಗ ಒಂದು ಬಾಕ್ಸೂ ಇಲ್ಲ. ಇದರಾಗ ನೋಡ್ರಿ, ಎಂಬತ್ಮೂರು ಅದಾವ ಅಂತ ತೋರಸ್ತದ. ಎಂಬತ್ಮೂರು ಲಾಟು, ಲಾಟಿಗೊಂದು ಬಾಕ್ಸು. ಯಾರ ಕಣ್ಣಿಗೂ ಬೀಳಬಾರದಂತ ಒಬ್ಬೊಬ್ಬರ ಮಾಲಿನಾಗ ಒಂದೊಂದ ತಗದಾರ. ನಾ ಕೇಳಿದ್ರ, ತಪ್ಪಾಗೇತಿ ಅಂತಾರ. ಮುಂದ ಬಾಯಿ ಬಿಡವಲ್ರು."

"ನಂದು ಒಂದು ಕಡಿಮಿ ಬಂತು ಅಂತ ಯಾವ ರೈತರಾದ್ರೂ ಅಂದಾರೇನ್ರಿ?"

"ಇಲ್ಲ. ಅದ ನನಗೂ ತಿಳೀವಲ್ದು."

ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋದೆ. ಒಂದು, ಒಂದು, ಒಂದು. ಕಳ್ಳನಾದವನು ಇಷ್ಟು ಶಿಸ್ತಿನಿಂದ ಕದಿಯುತ್ತಾನೆಯೇ? ಹೊರಗೆ ಬಂದು ಕಾಕಾರನ್ನು ಕೇಳಿದೆ. ಅವರು ಎದ್ದು ಅಲ್ಲೇ ಗೋಡೆಯ ಕಪಾಟಿನಿಂದ ಒಂದು ಹಳೆಯ ರಿಜಿಸ್ಟರ್ ತಂದು ಬಿಚ್ಚಿದರು. ಅಲ್ಲಿಯೂ ಮುಗಿದ ಪ್ರತಿಯೊಂದು ಲಾಟಿನ ಎದುರು, ಉಳಿದದ್ದು ಅನ್ನುವ ಸಾಲಿನಲ್ಲಿ ಒಂದು ಎಂದೇ ಬರೆದಿತ್ತು. ಆದರೆ ಆ ಒಂದರ ಮಗ್ಗುಲಲ್ಲಿ ಸಣ್ಣದೊಂದು ಚುಕ್ಕಿ.

"ಇದು ಒಂದಲ್ರಿ ಮೇಡಂ. ಇದು ಹೆಚ್ಚಾದದ್ದು" ಅಂದರು.

ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಾನೂ ಇದೇ ನೆಲದವಳು. ನಮ್ಮವ್ವ ಜೋಳದ ಡಬ್ಬಿಯ ತಳ ಎಂದೂ ಬಳಿದವಳಲ್ಲ, ಒಂದು ಹಿಡಿ ಬಿಟ್ಟೇ ತೆಗೆಯುತ್ತಿದ್ದಳು. ಜೋಳ ಮುಗಿದಿದೆ ಅಂತ ಬಾಯಲ್ಲಿ ಬರುತ್ತಿರಲಿಲ್ಲ, ಜೋಳ ಹೆಚ್ಚಾಗ್ಯಾವ ಅನ್ನುತ್ತಿದ್ದಳು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ ಲಾಭ ಅಂದು ಎಣಿಸುವ ಜನ ನಾವು. ಬೆಳೆದ ಕಾಳಿನ ಮುಂದೆ ಇಲ್ಲ ಅನ್ನುವ ಮಾತು ಆಡಬಾರದು. ಇಪ್ಪತ್ತಾರು ವರ್ಷ ಕಾಕಾ ಯಾವ ರೈತನ ಹೆಸರಿನ ಮುಂದೆಯೂ ಸೊನ್ನೆ ಬರೆದಿರಲಿಲ್ಲ, ಮಾಲು ಪೂರಾ ಹೋದಾಗ ಒಂದು ಎಂದು ಬರೆದು ಚುಕ್ಕಿ ಇಡುತ್ತಿದ್ದರು. ಹಳೆಯ ಸಾವ್ಕಾರ್ರಿಗೆ ಆ ಚುಕ್ಕಿಯ ಅರ್ಥ ಗೊತ್ತಿತ್ತು. ಸೊಸೆಗೆ ಅದನ್ನು ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ಕಂಪ್ಯೂಟರಿನ್ಯಾಗ ಚುಕ್ಕಿ ಇಡಾಕ ಬರಲಿಲ್ರಿ" ಅಂದರು ಕಾಕಾ. "ಆದ್ರ ಅವತ್ತ ನಾ ಒಂದು ಉಳಿಸಿ ಕುಂತಾಗ ನೀವು ಏನೋ ಒತ್ತಿದ್ರಿ, ಹೆಸರು ಹೋತು. ಮಷೀನಿಗೆ ನಮ್ಮ ರೀತಿ ತಿಳೀತದ ಅಂತ ತಿಳಕೊಂಡಿದ್ದೆ. ಆಮ್ಯಾಲ ನಾ ಮಾಡಿದಾಗ ಹೆಸರು ಹೋಗವಲ್ದು. ಸಂಜಿಮುಂದ ತಾನ ಹೋಗತದೇನೋ ಅಂದ್ಕೊಂಡೆ."

"ನನಗ ಒಂದು ಫೋನ್ ಮಾಡಿ ಕೇಳೂದಲ್ಲೇನ್ರಿ ಕಾಕಾ?"

"ಹೆಂಗ ಕೇಳ್ಲಿರಿ? ಎಲ್ಲಾ ಬರ್ತದ ಅಂತ ನೀವು ಸಹಿ ಮಾಡಿಬಿಟ್ಟಿದ್ರಿ. ಪೇಢೆ ಬ್ಯಾರೆ ಹಂಚಿದ್ದೆ."

"ಹೋಗ್ಲಿ, ಸೊಸಿಯಾರಿಗೆ ಇದನ್ನ ಹೇಳಬೇಕಿತ್ತಲ್ಲ."

ಕಾಕಾ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಏನಂತ ಹೇಳ್ಲಿ? ಅವತ್ತ ಮೇಡಂ ನನ್ನ ಕೈಲೆ ಮಾಡಿಸಲಿಲ್ಲ, ತಾವ ಮಾಡಿದ್ರು ಅಂತ ಹೇಳಬೇಕಾಗ್ತಿತ್ತು. ನಿಮ್ಮ ಹೆಸರು ತಗೀಲಿಲ್ರಿ ನಾ. ನಿಮ್ಮ ಅನ್ನಕ್ಕ ಯಾಕ ಕಲ್ಲು ಹಾಕೂದು?"

ನನಗೆ ಆಗ ನಾಚಿಕೆಯಾಯಿತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಕಳ್ಳ ಅನ್ನಿಸಿಕೊಂಡು ಸ್ಟೂಲಿನ ಮೇಲೆ ಕೂತು ನನ್ನ ಅನ್ನದ ಚಿಂತೆ ಮಾಡುವ ಈ ಮನುಷ್ಯನ ಮೇಲೆ ಸಿಟ್ಟು. ಒಂದು ಗಳಿಗೆ ಕೆಟ್ಟ ಯೋಚನೆಯೂ ಬಂತು. ಸಾಫ್ಟ್‌ವೇರಿನಲ್ಲೇ ದೋಷವಿತ್ತು, ಸರಿ ಮಾಡಿದೆ ಅಂದರೆ ಮುಗಿಯಿತು. ಕಾಕಾ ಉಳಿಯುತ್ತಾರೆ, ನನ್ನ ಹೆಸರೂ ಉಳಿಯುತ್ತದೆ. ಆದರೆ ನಾಳೆ ಎಂಬತ್ನಾಲ್ಕನೆಯ ಲಾಟ್ ಮುಚ್ಚಬೇಕಾದವರು ಕಾಕಾ, ನಾನಲ್ಲ. ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚುಕ್ಕಿಯ ವಿಷಯ ಹೇಳಿದೆ, ಮೌಸ್ ಕಸಿದುಕೊಂಡದ್ದನ್ನೂ ಹೇಳಿದೆ. ಸಹಿ ಸುಳ್ಳು ಅಂತಲೂ ಹೇಳಿದೆ.

ಸೊಸೆಯವರು ಬಹಳ ಹೊತ್ತು ರಿಜಿಸ್ಟರಿನ ಹಾಳೆ ತಿರುವುತ್ತ ಕೂತರು. ನಾಲ್ಕೈದು ರೈತರಿಗೆ ಫೋನ್ ಮಾಡಿ ಕೇಳಿದರು. ಎಲ್ಲರೂ ನಮ್ಮ ಮಾಲು ಪೂರಾ ಬಂದದ ಅಂದರು. ಆಮೇಲೆ ಎದ್ದು ಹೊರಗೆ ಹೋಗಿ, "ಒಳಗ ಬಂದು ಕುಂಡ್ರಿ ಕಾಕಾ" ಅಂದರು. ಅವರ ಕಣ್ಣು ಕೆಂಪಾಗಿತ್ತು. ಚಾವಿ ಮಾತ್ರ ಕೊಡಲಿಲ್ಲ.

"ನೀವು ಕದ್ದಿಲ್ಲ ಅಂತ ಗೊತ್ತಾತು, ನನಗ ಅಷ್ಟ ಸಾಕು. ಆದ್ರ ಕೆಲಸದ ಮಾತು ಬ್ಯಾರೆ" ಅಂದರು. ನನ್ನ ಕಡೆ ತಿರುಗಿ, "ನಾ ಊರಾಗ ಕುಂತು ನೋಡಾಕಿ ಮೇಡಂ, ನನಗ ಚುಕ್ಕಿ ಕಾಣೂದಿಲ್ಲ. ಇನ್ನೊಂದು ವಾರ ತಗೋರಿ. ವಾರದ ಮ್ಯಾಲ ನಾ ನಿಂತು ನೋಡ್ತೀನಿ. ಅವರ ಕೈಲೆ ಆದ್ರ ಇರ್ತಾರ, ಇಲ್ಲಾಂದ್ರ ನೀವೂ ನನ್ನನ್ನ ಬೈಬ್ಯಾಡ್ರಿ" ಅಂದರು. ಅದರಲ್ಲಿ ಅನ್ಯಾಯವಿರಲಿಲ್ಲ.

ಹದಿನೆಂಟು ವರ್ಷದಲ್ಲಿ ನಾನು ನಿಜವಾಗಿ ಕಲಿಸಿದ್ದು ಆ ಒಂದು ವಾರ. ಅಥಣಿ ರಸ್ತೆಯ ಕ್ಲಾಸಿಗೆ ಬೀಗ ಹಾಕಿ ದಿನಾ ತಿಕೋಟಾದ ಬಸ್ಸು ಹತ್ತಿದೆ. ಕಾಕಾರ ಪಕ್ಕದಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಸುಮ್ಮನಿರುವುದು ಇಷ್ಟು ದಣಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವರು ಬೇರೆ ಗುಂಡಿಯ ಕಡೆ ಹೋಗುತ್ತಿದ್ದಾರೆ, ನನಗೆ ಕಾಣುತ್ತಿದೆ, ಬಾಯಿ ಮುಚ್ಚಿಕೊಂಡಿರಬೇಕು. ಹೋಗುತ್ತಾರೆ, ಒತ್ತುತ್ತಾರೆ, ಎಲ್ಲ ಕೆಡುತ್ತದೆ, "ಥೂ ಇದರವ್ವನ" ಅನ್ನುತ್ತಾರೆ, ಮತ್ತೆ ಮೊದಲಿಂದ ಮಾಡುತ್ತಾರೆ. ಎರಡನೆಯ ದಿನ ಅವರು ಅಭ್ಯಾಸದಂತೆ ಕುರ್ಚಿ ಬಿಟ್ಟು ಎದ್ದು, "ನೀವ ಒಮ್ಮೆ ತೋರಿಸ್ರಿ" ಅಂದರು. ನಾನು ಏಳಲಿಲ್ಲ. ಮಂಡಿ ನೋಯತೊಡಗಿದ ಮೇಲೆ ಅವರೇ ಕೂತರು. ನಾಲ್ಕನೆಯ ದಿನದಿಂದ ನನ್ನನ್ನು ಕೇಳುವುದನ್ನು ಬಿಟ್ಟು ಪರದೆಯನ್ನೇ ಬೈದು ಕೇಳತೊಡಗಿದರು. ಎಲ್ಲವೂ ಬಂತು, ಸೊನ್ನೆಯೊಂದನ್ನು ಬಿಟ್ಟು. ಅಲ್ಲಿಗೆ ಬಂದಾಗ ಕೈ ನಿಂತುಬಿಡುತ್ತಿತ್ತು. ಅಭ್ಯಾಸದ ಲಾಟ್ ಇದು, ಸುಳ್ಳು ಹೆಸರು ಅಂತ ನಾನು ಹೇಳಿದರೂ ಅಷ್ಟೇ. "ಸುಳ್ಳ ಆದ್ರೂ ಒಬ್ಬ ರೈತನ ಹೆಸರ ಅಲ್ಲೇನ್ರಿ?" ಅನ್ನುತ್ತಿದ್ದರು. ಏಳನೆಯ ದಿನ ಮುಗಿದಾಗಲೂ ಅವರು ಒಂದು ಲಾಟನ್ನೂ ಸೊನ್ನೆ ಮಾಡಿ ಮುಚ್ಚಿರಲಿಲ್ಲ. ಮರುದಿನ ಸೊಸೆಯವರು ಬರುವವರಿದ್ದರು. ಮನೆಗೆ ಬಂದು ಅಡುಗೆ ಮಾಡದೆ ಮಲಗಿದೆ.

ಮರುದಿನ ಹನ್ನೊಂದಕ್ಕೆ ಬಬಲೇಶ್ವರದ ಕಡೆಯ ಒಬ್ಬ ಹಿರಿಯ ರೈತರು ಗಾಡಿ ತಂದರು. ಉಳಿದ ನೂರಾ ಹನ್ನೆರಡು ಬಾಕ್ಸುಗಳನ್ನೂ ಒಯ್ಯುವವರಿದ್ದರು. ಬಾಕ್ಸುಗಳು ಗಾಡಿಗೆ ಏರಿದವು. ಕಾಕಾ ಕಂಪ್ಯೂಟರಿನ ಮುಂದೆ ಕೂತರು. ಸೊಸೆಯವರು ಬಾಗಿಲಲ್ಲಿ ನಿಂತರು. ರೈತರ ಹೆಸರು ಹುಡುಕಲು ಮೂರು ನಿಮಿಷ ಹೋಯಿತು. ಗಾಡಿಯವನು ಹಾರ್ನ್ ಹೊಡೆದ.

"ಅಲ್ರೀ, ಮೇಡಂ ಇಲ್ಲೇ ಅದಾರಲ್ಲ. ಅವರ ಕೈಗೆ ಕೊಡ್ರಿ, ಲಗೂ ಆಗ್ತದ" ಅಂದರು ರೈತರು.

ನನ್ನ ಬಲಗೈ ತೊಡೆಯ ಕೆಳಗಿಂದ ಅರ್ಧ ಹೊರಗೆ ಬಂದೇಬಿಟ್ಟಿತ್ತು. "ಇದು ಕಾಕಾರ ಕೆಲಸರಿ. ಅವರ ಮಾಡ್ತಾರ" ಅಂದು ಮತ್ತೆ ಒಳಗೆ ತಳ್ಳಿಕೊಂಡೆ.

ಕಾಕಾ ಹೊರಗೆ ಹೋದದ್ದು ನೂರಾ ಹನ್ನೆರಡು ಎಂದು ಒಂದೊಂದೇ ಅಂಕಿ ಒತ್ತಿದರು. ಉಳಿದದ್ದು ಸೊನ್ನೆ ಎಂದು ಪರದೆ ತೋರಿಸಿತು. ಅಲ್ಲಿ ಅವರ ಕೈ ನಿಂತಿತು. ಅವರು ಮೌಸಿನಿಂದ ಕೈ ತೆಗೆದು, ಕುರ್ಚಿಯಲ್ಲೇ ತಿರುಗಿ, ರೈತರ ಮುಖ ನೋಡಿ ಗಟ್ಟಿಯಾಗಿ ಹೇಳಿದರು. "ಯಜಮಾನ್ರ, ನಿಮ್ಮ ಮಾಲು ಹೆಚ್ಚಾತ್ರಿ."

"ಹೂಂ, ಹೆಚ್ಚಾಗ್ಲಿ" ಅಂದು ರೈತರು ಎರಡೂ ಕೈ ಹಣೆಗೆ ಮುಟ್ಟಿಸಿಕೊಂಡರು.

ಆಮೇಲೆ ಕಾಕಾ ಪರದೆಯ ಕಡೆ ತಿರುಗಿ ಗುಂಡಿ ಒತ್ತಿದರು. ಹೆಸರು ಹೋಯಿತು. ಸೊಸೆಯವರು ತಮ್ಮ ಫೋನಿನಲ್ಲಿ ಒಮ್ಮೆ ನೋಡಿಕೊಂಡು, ಪರ್ಸಿನಿಂದ ಚಾವಿಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟು, ರೈತರಿಗೆ ಚಹಾ ತರಿಸಲು ಹೇಳಿದರು.

ಆ ಮಧ್ಯಾಹ್ನ ಕಾಕಾ ನನ್ನನ್ನು ಬಸ್ ನಿಲ್ದಾಣದ ತನಕ ಬಿಡಲು ಬಂದರು. ಬೇಡ ಅಂದರೂ ಕೇಳದೆ ಮಂಡಿ ಎಳೆಯುತ್ತ ಬಂದರು. ನೆರಳಿನಲ್ಲಿ ನಿಂತಾಗ ಕ್ಷಮೆ ಕೇಳಬೇಕು ಅನ್ನಿಸಿತು, ಆದರೆ ನನ್ನ ಬಾಯಲ್ಲಿ ಬಂದದ್ದು, "ಮೊದಲ ಹಿಂಗ ಕಲಿಸಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ ನೋಡ್ರಿ ಕಾಕಾ" ಅನ್ನುವ ಮಾತು.

"ಕಲಿಸೂದು ಇರ್ಲಿ ಬಿಡ್ರಿ" ಅಂದರು. "ನಾ ಆರನೇ ಕ್ಲಾಸ್ ಓದ್ಯಾಂವ. ಇಷ್ಟು ವರ್ಷ ನನಗ ಯಾರೂ ದಡ್ಡ ಅಂದಿದ್ದಿಲ್ರಿ. ನೀವೂ ಅನ್ನಲಿಲ್ಲ, ಸುಳ್ಳ ಯಾಕ ಹೇಳ್ಲಿ. ಆದ್ರ ಅವತ್ತ ನನ್ನ ಕೈಯಾಗಿಂದ ಮೌಸ್ ಕಸಗೊಂಡ್ರಲ್ಲ, ಮನಿಗೆ ಹೋಗಿ ಹೆಂಡ್ತಿ ಮುಂದ ಹೇಳ್ದೆ, ನಾ ದಡ್ಡ ಅದೀನಿ, ಇವತ್ತ ಖಾತ್ರಿ ಆತು ಅಂತ. ಕಳ್ಳ ಅಂದಾಗ ಇಷ್ಟು ಕೆಟ್ಟ ಅನಸಲಿಲ್ರಿ. ಅದು ಸುಳ್ಳು ಅಂತ ನನಗ ಗೊತ್ತಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಬಂತು. ಕಿಟಕಿಯ ಹತ್ತಿರ ಸೀಟು ಹಿಡಿದು ನೋಡಿದರೆ ಕಾಕಾ ಕೈ ಬೀಸುತ್ತಿದ್ದರು. ನಾನೂ ಬೀಸಿದೆ. ಎಷ್ಟು ಜನರ ಕೈಯಿಂದ ಹಾಗೆ ಕಸಿದುಕೊಂಡಿದ್ದೇನೋ ನನಗೆ ನೆನಪಿಲ್ಲ. ಎಲ್ಲರೂ ತಿಳೀತ್ರಿ ಮೇಡಂ ಅಂದು, ಪ್ರಮಾಣಪತ್ರ ಹಿಡಿದು, ಫೋಟೊಗೆ ನಿಂತು ಮನೆಗೆ ಹೋದವರು. ಮನೆಯಲ್ಲಿ ಏನು ಹೇಳಿಕೊಂಡರೋ. ಅವರಲ್ಲಿ ಯಾರೂ ನನ್ನನ್ನು ಬಸ್ಸಿನ ತನಕ ಬಿಡಲು ಬಂದಿರಲಿಲ್ಲ.